ಪ್ಲೇಟಿನ ಮ್ಯಾಲ ಒಂದು ಕೂದಲ

ಬೆಟಗೇರಿಯ ನಮ್ಮ ಪ್ರೆಸ್ಸಿನ್ಯಾಗ
ರದ್ದಿ ತೂಗುವ ಕಾಟಾ ಒಂದೈತಿ.
ತೋಂಟೇಶ ಹುಟ್ಟಿದಾಗ ಒಂದು ಕಿಲೋ ಆರನೂರು,
ಹನ್ನೊಂದು ದಿನ ಕಾಜಿನ ಪೆಟ್ಟಿಗ್ಯಾಗ ಮಲಗಿ ಬಂದಾವ.
ಮನಿಗೆ ತಂದ ಮ್ಯಾಲ ತಿಂಗಳಿಗೊಮ್ಮೆ
ಅದಽ ಕಾಟಾಕ್ಕ ದುಪ್ಪಟಿ ಹಾಸಿ ಮಲಗಸ್ತಿದ್ದೆ,
ಲಗ್ನಪತ್ರಿಕೆ ಕತ್ತರಿಸಿ ಉಳಿದ ಚೂರಿನ ಹಿಂದ
ಪೆನ್ಸಿಲ್ಲಿನಿಂದ ತೂಕ ಬರೀತಿದ್ದೆ.

ನೂರು ಗ್ರಾಮ ಏರಿದ್ರ ಮನ್ಯಾಗ ಹುಗ್ಗಿ.
ಇಳದ್ರ ನನಗ ನಿದ್ದಿಲ್ಲ.

ಅವ್ವ ಕೆನಿಹಾಲು ಕುಡಿಸಿದಳು,
ಬೆಣ್ಣಿ ಮೆತ್ತಿದ ರೊಟ್ಟಿ, ಸಕ್ಕರಿ ಸುರವಿದ ಚಪಾತಿ,
ಸಾಲಿ ಬಿಟ್ಟ ಕೂಡಲೆ ಐದು ರೂಪಾಯಿದು ಕುರುಕಲು ಪಾಕೀಟು.
ಬ್ಯಾಡ ಅನ್ನಾಕ ಯಾರ ನಾಲಿಗೀನೂ ಹೊರಳಲಿಲ್ಲ,
ಆ ಕಾಜಿನ ಪೆಟ್ಟಿಗಿ ಇನ್ನೂ ಕಣ್ಣಾಗಿತ್ತು.

ಈಗ ಏಳು ವರ್ಷ, ನಲವತ್ತೊಂದು ಕಿಲೋ.
ಯಾರೂ ಬೈದಿಲ್ಲ, ಬಡದಿಲ್ಲ,
ಬಿಸಲಿಗೆ ಬಂದ್ರ ಸಾಕು ಕಣ್ಣಾಗ ನೀರು.
ಬೋರ್ಡಿನ ಮ್ಯಾಲಿನ ಲೆಕ್ಕ ತೇಲತಾವು ಅಂತಾನ.
ಸಾಲ್ಯಾಗ ಅವನ ಹೆಸರು ಅಳುಬುರುಕ ಗುಂಡ.

ದೃಷ್ಟಿ ತಾಗೇತಿ, ಅಂದಳು ಅವ್ವ.
ಉಪ್ಪು ಮೆಣಸಿನಕಾಯಿ ಇಳಿಸಿ ಒಲಿಗೆ ಹಾಕಿದಳು.
ಮನಿತುಂಬ ಘಾಟು.
ಘಾಟು ಬಂದ್ರ ಅದು ದೃಷ್ಟಿ ಅಲ್ಲ ಅಂತ
ಆಕಿನಽ ನನಗ ಹೇಳಿಕೊಟ್ಟದ್ದು,
ಆಕಿನಽ ಮರತಳು.

ಹುಬ್ಬಳ್ಳಿ ದವಾಖಾನ್ಯಾಗ ಹುಡುಗ ಮಷಿನ್ನಿಗೆ ಗದ್ದ ಇಟ್ಟ.
ಒಂದು ಹಳದಿ ಹನಿ, ಅದರ ಮ್ಯಾಲ ನೀಲಿ ಬೆಳಕು.
ಡಾಕ್ಟರಬಾಯಿ ಸರಿದು ಕುಂತು, ನೀವು ನೋಡ್ರಿ ಅಂದರು.

ಗಲ್ಲ ದಬ್ಬಿದ ಒಂದು ಚರ್ಮದ ಮಡಿಕಿ,
ಆ ಮಡಿಕಿ ಎತ್ತಿ ನಿಲ್ಲಿಸಿದ ಕೆಳಗಿನ ರೆಪ್ಪಿಕೂದಲು
ಸಾಲಾಗಿ, ಒಳಮುಖಾಗಿ.
ಪಿಳುಕಿಸಿದಾಗೊಮ್ಮೆ ಗುಡ್ಡಿ ಗುಡಿಸ್ತಿದ್ದವು.
ಕರೀ ಭಾಗದ ಬುಡಕ್ಕ ಹಸಿರು ಗೀರು, ಗೀರಿನ ಮ್ಯಾಲ ಗೀರು.

ಇಪ್ಪತ್ತೆರಡು ವರ್ಷ ಮಷಿನ್ ಓಡಿಸಿದಾವ ನಾ.
ಪ್ಲೇಟಿನ ಮ್ಯಾಲ ಒಂದು ಕೂದಲ ಕುಂತ್ರ
ಮೊದಲನೇ ಹಾಳಿಗೇ ಹಿಡಿದು ಗಾಲಿ ನಿಲ್ಲಸ್ತೀನಿ.
ಇಲ್ಲಿ ಎಷ್ಟು ಸಾವಿರ ಹಾಳಿ ಓಡಿದ್ದವೋ.

ರೆಪ್ಪಿ ಕಣ್ಣ ಕಾದಂಗ ಕಾದೇವ್ರಿ,
ಅಂದಳು ನನ್ನಾಕಿ.
ಅಂದು, ತಾನಽ ಬಾಯಿಗೆ ಸೆರಗು ಹಿಡಕೊಂಡಳು.

ಡಾಕ್ಟರಬಾಯಿ ಬೈಲಿಲ್ಲ. ಚೀಟಿ ಬರಕೋತ ಹೇಳಿದರು:
ಸಣಕಲು ಕೂಸಿಗೂ ಇದು ಬರತೈತಿ,
ಮೈ ತುಂಬಿದವರಾಗ ಸ್ವಲ್ಪ ಹೆಚ್ಚು.
ಮುಖ ಬೆಳದಂಗ ಬಿಟ್ಟು ಹೋದೀತು,
ಹೋಗದಿದ್ರ ಸಣ್ಣ ಆಪರೇಷನ್, ನಾಕು ಹೊಲಿಗಿ.
ಅಲ್ಲೀತನ ಹನಿ ಹಾಕ್ರಿ. ಓಡಾಕ ಬಿಡ್ರಿ. ಆ ಪಾಕೀಟು ನಿಲ್ಲಸ್ರಿ.
ಆಮ್ಯಾಲ ನನ್ನ ಹೆಬ್ಬೆಟ್ಟು ಹಿಡಿದು
ಅವನ ಗಲ್ಲದ ಮ್ಯಾಲ ಇಟ್ಟು, ತುಸು ಕೆಳಗ ಜಗ್ಗಿಸಿದರು.
ರೆಪ್ಪಿ ಹೊರಳಿ ಹೊರಗ ನೋಡಿತು.

ವಾಪಸ್ ಬರೂ ಪ್ಯಾಸೆಂಜರಿನ್ಯಾಗ, ಅಣ್ಣಿಗೇರಿ ದಾಟಿದ ಮ್ಯಾಲ,
ಹಂಗಽ ಹಿಡಕೊಂಡು ಕುಂತಿದ್ದೆ.
ಅಪ್ಪಾ, ತಂತಿ ಮ್ಯಾಲ ಎಷ್ಟು ಹಕ್ಕಿ ಅದಾವು!
ಹದಿನಾಲ್ಕತನ ಎಣಿಸಿದ.
ಅಷ್ಟರಾಗ ಗಿರಮಿಟ್ಟಿನಾವ ಬಂದ, ಉಳ್ಳಾಗಡ್ಡಿ ವಾಸನಿ.
ಎಣಿಕಿ ನಿಂತಿತು. ಹುಡುಗ ನನ್ನ ಮಾರಿ ನೋಡಿದ.
ನಾ ಕಿಡಕಿ ನೋಡಿದೆ.
ಕಡೀಕ ಒಂದಽ ಪೊಟ್ಟಣ ತಗೊಂಡು ಮೂರು ಮಂದಿ ತಿಂದಿವಿ,
ಅವಂದು ಮೊದಲು ಮುಗೀತು.

ಮರುದಿನ ಸಂಜಿ ಮಷಿನ್ ಬಿಟ್ಟು ಬಂದಾವನಽ
ಅವನ ಕಣ್ಣು ನೋಡಾಕ ಗಲ್ಲ ಜಗ್ಗಿದೆ.
ಕೈಯಾಗ ಮಸಿ ಐತ್ರೀ, ಅಂತ ಒಳಗಿಂದ ನನ್ನಾಕಿ.
ಜಗ್ಗೂದು ಆಗಿಹೋಗಿತ್ತು.

ಹೊಸ್ತಲದಾಗ ಕುಂತ ಅವ್ವ ಅವನ ಗಲ್ಲ ನೋಡಿ
ಈಗ ಬುದ್ಧಿ ಬಂತೇನೋ ನಿನಗ, ಅಂದಳು,
ದೃಷ್ಟಿಬೊಟ್ಟು ಛಲೋ ಇಟ್ಟೀದಿ.